ಹತ್ತೇ ತಿಂಗಳಿಗೆ ಸತ್ತ ಬ್ಯಾಟರಿ: ಹೊಸದನ್ನು ಆರಿಸುವ ಮುಂಚೆ ಮಾಡಿದ ಅಳತೆಗಳು

ಅಕ್ಕನ ಮಗನ ಬೈಕಿಗೆ ಹೊಸ ಬ್ಯಾಟರಿ ಬೇಕಾಗಿತ್ತು. ಆ ಗಾಡಿಗೆ ಇದು ಮೂರನೆಯದು. ಗಾಡಿಯ ಜೊತೆ ಬಂದ ಬ್ಯಾಟರಿ ನಾಲ್ಕು ವರ್ಷ ಚೆನ್ನಾಗಿ ಬಾಳಿತ್ತು. ಅದು ಹೋದ ಮೇಲೆ ಅದೇ ಅಳತೆಯ ಒಳ್ಳೆಯ ಬ್ಯಾಟರಿಯನ್ನೇ ಹಾಕಿಸಿದ್ದ. ಅದು ಹತ್ತು ತಿಂಗಳಿಗೇ ಕೈಕೊಟ್ಟಿತು.

"ಮಾವ, ಈ ಸಲ ದೊಡ್ಡದೇ ಹಾಕಿಸ್ತೀನಿ, ಇಲ್ಲಾಂದ್ರೆ ಲಿಥಿಯಂ" ಅಂದ. ಎರಡರ ವಿವರವನ್ನೂ ಫೋನಿನಲ್ಲಿ ತೆಗೆದಿಟ್ಟುಕೊಂಡಿದ್ದ. ಒಂದರ ಮೇಲೆ 10 ಆಂಪಿಯರ್-ಅವರ್ (ಒಳಗೆ ಎಷ್ಟು ಕರೆಂಟ್ ತುಂಬಿರುತ್ತದೆ ಎಂಬ ಅಳತೆ) ಎಂದಿತ್ತು, ಇನ್ನೊಂದರ ಮೇಲೆ 12. ಗಾಡಿಯಲ್ಲಿದ್ದದ್ದು 8. ಅಂಕಿ ದೊಡ್ಡದಾದರೆ ತೊಂದರೆ ಹೋಗುತ್ತದೆ ಎಂಬುದು ಅವನ ಲೆಕ್ಕ.

ನಾಲ್ಕು ವರ್ಷ ಬಾಳಿದ ಜಾಗದಲ್ಲಿ ಅದೇ ಥರದ ಬ್ಯಾಟರಿ ಹತ್ತು ತಿಂಗಳಿಗೆ ಸಾಯುತ್ತದೆ ಎಂದರೆ ನಡುವೆ ಏನೋ ಬದಲಾಗಿದೆ. ಅದು ಗೊತ್ತಾಗದೆ ಯಾವ ಬ್ಯಾಟರಿ ಆರಿಸಿದರೂ ಅದು ಬರೀ ಊಹೆ. ಹಾಗಾಗಿ ಖರೀದಿಯನ್ನು ಸ್ವಲ್ಪ ಮುಂದೂಡು ಎಂದು ಅವನಿಗೆ ಹೇಳಿದೆ.

ಗಾಡಿ ಮತ್ತು ದೂರು

ಒಂದೇ ಸಿಲಿಂಡರಿನ, 250 ಸಿಸಿ ಆಸುಪಾಸಿನ, ಫ್ಯೂಯಲ್ ಇಂಜೆಕ್ಷನ್ ಇರುವ ಗಾಡಿ. ಕಿಕ್ಕರ್ ಇಲ್ಲ. ಹೆಡ್‌ಲೈಟ್ ಎಂಜಿನ್ ಚಾಲೂ ಇದ್ದಷ್ಟು ಹೊತ್ತೂ ಉರಿಯುತ್ತದೆ. ಬ್ಯಾಟರಿ ಇರುವುದು ಸೀಟಿನ ಕೆಳಗೆ. ಅದರ ಕೋಡ್ ವೈಟಿಎಕ್ಸ್9-ಬಿಎಸ್, 12 ವೋಲ್ಟ್, 8 ಆಂಪಿಯರ್-ಅವರ್.

ದೂರು ಸರಳ. ಬೆಳಿಗ್ಗೆ ಸೆಲ್ಫ್ ಒತ್ತಿದರೆ ಎಂಜಿನ್ ನಿಧಾನಕ್ಕೆ ತಿರುಗುತ್ತದೆ. ಎರಡು ದಿನ ನಿಲ್ಲಿಸಿದರೆ ಬರೀ ಟಕ್ ಟಕ್ ಸದ್ದು. ತಳ್ಳಿ ಸ್ಟಾರ್ಟ್ ಮಾಡಿದರೆ ಹೊರಡುತ್ತದೆ, ಸಂಜೆ ಮತ್ತೆ ಅದೇ ಕಥೆ. ಕೆಲವೊಮ್ಮೆ ಸೆಲ್ಫ್ ಒತ್ತಿದಾಗ ಮೀಟರಿನ ಗಡಿಯಾರ ಸೊನ್ನೆಗೆ ಬರುತ್ತಿತ್ತು. ವೋಲ್ಟೇಜ್ ತೀರಾ ಕೆಳಗೆ ಬಿದ್ದರೆ ಹೀಗಾಗುತ್ತದೆ. ಇಂಜೆಕ್ಷನ್ ಗಾಡಿಗಳಲ್ಲಿ ಇದು ಗಡಿಯಾರಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಫ್ಯೂಯಲ್ ಪಂಪಿಗೂ ಎಂಜಿನ್ ನಡೆಸುವ ಕಂಪ್ಯೂಟರಾದ ಇಸಿಯುಗೂ ಅದೇ ಬ್ಯಾಟರಿಯಿಂದಲೇ ಕರೆಂಟ್ ಹೋಗಬೇಕು. ಎಂಜಿನ್ ತಿರುಗಿದರೂ ಕಿಡಿ ಮತ್ತು ಪೆಟ್ರೋಲ್ ಸರಿಯಾಗಿ ಸಿಗದೆ ಸ್ಟಾರ್ಟ್ ಆಗದಿರಬಹುದು.

ಮೊದಲು ಹಳೆಯ ಬ್ಯಾಟರಿ

ಬ್ಯಾಟರಿ ಖಾಲಿಯಾಗುವುದು ಬೇರೆ, ಸಾಯುವುದು ಬೇರೆ. ಖಾಲಿಯಾದದ್ದನ್ನು ಚಾರ್ಜ್ ಮಾಡಬಹುದು. ಸತ್ತದ್ದು ಚಾರ್ಜ್ ಆದಂತೆ ಕಂಡರೂ ಭಾರ ಬಿದ್ದ ಕೂಡಲೇ ಕುಸಿಯುತ್ತದೆ. ಇವೆರಡನ್ನೂ ಬೇರೆ ಮಾಡಿ ನೋಡದೆ ಬ್ಯಾಟರಿ ಬದಲಿಸುವವರೇ ಜಾಸ್ತಿ.

ರಾತ್ರಿಯೆಲ್ಲ ನಿಂತಿದ್ದ ಗಾಡಿಯಲ್ಲಿ, ಕೀ ಹಾಕದೆ, ಟರ್ಮಿನಲ್ಲಿಗೆ ಮಲ್ಟಿಮೀಟರ್ ಹಿಡಿದಾಗ 12.1 ವೋಲ್ಟ್ ತೋರಿಸಿತು. ಲೆಡ್-ಆಸಿಡ್ ಬ್ಯಾಟರಿಯಲ್ಲಿ 6 ಸೆಲ್ ಇರುತ್ತವೆ, ಒಂದೊಂದು ಸುಮಾರು 2.1 ವೋಲ್ಟ್. ಪೂರ್ತಿ ತುಂಬಿದ್ದರೆ 12.6ರಿಂದ 12.8 ಬರಬೇಕು. ಎಜಿಎಂ (ಆಸಿಡ್ ಚೆಲ್ಲದಂತೆ ಹಾಸಿನಲ್ಲಿ ಹೀರಿಕೊಂಡಿರುವ ಬಗೆ) ಆದರೆ ಇನ್ನೂ ಒಂದು ಚೂರು ಮೇಲೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲು ಭಾಗ ಉಳಿದಿದೆ ಎಂದು ಅಂದಾಜಿಸಬಹುದು. ಅಂದರೆ ಈ ಬ್ಯಾಟರಿ ಅರ್ಧಕ್ಕಿಂತ ಕೆಳಗಿತ್ತು. ದಿನಾ ಓಡುವ ಗಾಡಿಯಲ್ಲಿ ಇದು ಸರಿಯಲ್ಲ.

ಬ್ಯಾಟರಿಯನ್ನು ಹೊರಗೆ ತೆಗೆದು 0.8 ಆಂಪಿನಲ್ಲಿ ರಾತ್ರಿಯಿಡೀ ಚಾರ್ಜ್ ಮಾಡಿದೆವು. ಆಂಪಿಯರ್-ಅವರಿನ ಹತ್ತನೇ ಒಂದು ಭಾಗ, ಇದು ಬೈಕ್ ಬ್ಯಾಟರಿಗೆ ನಂಬಬಹುದಾದ ಹಳೆಯ ಲೆಕ್ಕ. ಕಾರಿನ ದೊಡ್ಡ ಚಾರ್ಜರ್ ಇದಕ್ಕೆ ಬೇಡ. ಜಾಸ್ತಿ ಕರೆಂಟ್ ಹೋಗಿ ಬಿಸಿಯಾಗುತ್ತದೆ, ಒಳಗಿನ ನೀರಿನಂಶ ಆವಿಯಾಗುತ್ತದೆ. ಮುಚ್ಚಿದ ಬ್ಯಾಟರಿಗೆ ಅದನ್ನು ವಾಪಸ್ ತುಂಬುವ ದಾರಿ ಇಲ್ಲ.

ಚಾರ್ಜ್ ತೆಗೆದು ಕೆಲವು ಗಂಟೆ ಹಾಗೇ ಬಿಟ್ಟ ಮೇಲೆ 12.6 ಬಂತು. ಅಕ್ಕನ ಮಗನ ಮುಖ ಅರಳಿತು. ಆದರೆ ಗಾಡಿಗೆ ಕೂರಿಸಿ, ಟರ್ಮಿನಲ್ಲಿನ ಮೇಲೆ ಮೀಟರ್ ಇಟ್ಟುಕೊಂಡೇ ಸೆಲ್ಫ್ ಒತ್ತಿದಾಗ ಅಂಕಿ 8.7ಕ್ಕೆ ಬಿತ್ತು. ಆರೋಗ್ಯವಾಗಿರುವ ಬ್ಯಾಟರಿ ಸೆಲ್ಫ್ ಹೊಡೆಯುವಾಗ 10 ವೋಲ್ಟಿನ ಆಸುಪಾಸಿನಲ್ಲಾದರೂ ನಿಲ್ಲಬೇಕು. 9.5ಕ್ಕಿಂತ ಕೆಳಗೆ ಹೋದರೆ, ಅದೂ ಪೂರ್ತಿ ಚಾರ್ಜ್ ಆದ ಮೇಲೆ, ಅದರ ಕಾಲ ಮುಗಿದಿದೆ ಎಂದೇ ಅರ್ಥ. ಸುಮ್ನೆ ನಿಂತಾಗಿನ ವೋಲ್ಟೇಜನ್ನು ಮಾತ್ರ ನೋಡಿ ಬ್ಯಾಟರಿ ಚೆನ್ನಾಗಿದೆ ಎಂದು ಹೇಳುವುದು ಇದಕ್ಕೇ ತಪ್ಪು.

ಇಷ್ಟಕ್ಕೆ ನಿಲ್ಲಿಸಲಿಲ್ಲ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಟರ್ಮಿನಲ್ಲಿಗೆ, ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೆ ಹಿಡಿದು ಮತ್ತೆ ಸೆಲ್ಫ್ ಒತ್ತಿದೆವು. 0.6 ವೋಲ್ಟ್! ಅಲ್ಲಿ 0.2 ವೋಲ್ಟ್ ದಾಟಬಾರದು. ಅರ್ಥ್ ವೈರ್ ಎಂಜಿನ್ನಿಗೆ ಸೇರುವ ಬೋಲ್ಟಿನ ಕೆಳಗೆ ತುಕ್ಕು ಹಿಡಿದಿತ್ತು. ಬಿಚ್ಚಿ, ಉಜ್ಜಿ, ಬಿಗಿ ಮಾಡಿದ ಮೇಲೆ 0.1ಕ್ಕೆ ಇಳಿಯಿತು. ಬ್ಯಾಟರಿಯನ್ನು ಕೊಂದದ್ದು ಇದಲ್ಲ. ಆದರೆ ಸೋತ ಬ್ಯಾಟರಿಯಿಂದ ಹೊರಟ ಚೂರುಪಾರು ವೋಲ್ಟೇಜನ್ನೂ ದಾರಿಯಲ್ಲೇ ತಿನ್ನುತ್ತಿತ್ತು. ಹಾಗೇ ಬಿಟ್ಟಿದ್ದರೆ ಹೊಸ ಬ್ಯಾಟರಿ ಹಾಕಿದರೂ ಸೆಲ್ಫ್ ತುಸು ಮಂದವಾಗೇ ಇರುತ್ತಿತ್ತು, ದೂರು ಹೊಸ ಬ್ಯಾಟರಿಯ ಮೇಲೆ ಬರುತ್ತಿತ್ತು.

ಚಾರ್ಜಿಂಗ್ ನೋಡುವುದು ಬೇಗ ಮುಗಿಯಿತು. ಐಡ್ಲಿಂಗಿನಲ್ಲಿ 13.4, ಎಂಜಿನ್ 4000 ಸುತ್ತಿಗೆ ಏರಿದಾಗ 14.3 ವೋಲ್ಟ್. ಸುತ್ತು ಏರಿದಾಗ 13.5ರಿಂದ 14.5ರ ನಡುವೆ ಇದ್ದರೆ ಕರೆಂಟ್ ಹುಟ್ಟಿಸುವ ಕಾಯಿಲ್ಲೂ ಅದನ್ನು ಬ್ಯಾಟರಿಗೆ ಒಗ್ಗುವಂತೆ ಮಾಡುವ ರೆಕ್ಟಿಫೈಯರ್ರೂ ಸರಿಯಾಗಿವೆ. 15 ದಾಟಿದ್ದರೆ ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಹೋಗಿದೆ, ಯಾವ ಹೊಸ ಬ್ಯಾಟರಿ ಹಾಕಿದರೂ ಬೇಯುತ್ತದೆ. ಸುತ್ತು ಏರಿಸಿದರೂ 13 ಮುಟ್ಟದಿದ್ದರೆ ಬ್ಯಾಟರಿಗೆ ಊಟವೇ ಸಿಗುತ್ತಿಲ್ಲ. ಈ ಗಾಡಿಯಲ್ಲಿ ಎರಡೂ ಇರಲಿಲ್ಲ.

ಕೀ ತೆಗೆದ ಮೇಲೆ ಹರಿಯುವ ಕರೆಂಟ್

ಉಳಿದದ್ದು ಒಂದೇ ಪ್ರಶ್ನೆ. ಗಾಡಿ ನಿಂತಾಗ ಬ್ಯಾಟರಿಯಿಂದ ಏನಾದರೂ ಹೋಗುತ್ತಿದೆಯೇ?

ಇದನ್ನು ಅಳೆಯುವ ಕ್ರಮವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಅವಸರದಲ್ಲಿ ಮೀಟರ್ ಸುಟ್ಟುಕೊಳ್ಳುವವರು ತುಂಬಾ ಇದ್ದಾರೆ. ಕೀ ತೆಗೆಯಬೇಕು. ಮೈನಸ್ ವೈರನ್ನು ಬ್ಯಾಟರಿಯಿಂದ ಬಿಚ್ಚಬೇಕು. ಮೀಟರಿನ ಕೆಂಪು ಕಡ್ಡಿಯನ್ನು 10 ಆಂಪಿನ ತೂತಿಗೆ ಹಾಕಿ, ಬಿಚ್ಚಿದ ವೈರಿಗೂ ಮೈನಸ್ ಟರ್ಮಿನಲ್ಲಿಗೂ ನಡುವೆ ಮೀಟರನ್ನು ಸೇರಿಸಬೇಕು. ಗಾಡಿಯ ಕರೆಂಟೆಲ್ಲ ಈಗ ಮೀಟರಿನ ಮೂಲಕವೇ ಹೋಗಬೇಕು. ಈ ಸ್ಥಿತಿಯಲ್ಲಿ ಕೀ ಹಾಕಬಾರದು, ಸೆಲ್ಫಂತೂ ಮುಟ್ಟಲೇಬಾರದು. ಕೆಲವು ನಿಮಿಷ ಕಾದು, ಇಸಿಯು ಪೂರ್ತಿ ಮಲಗಿದ ಮೇಲೆ, ಅಂಕಿ ಚಿಕ್ಕದು ಎಂದು ಖಚಿತವಾದರೆ ಮಾತ್ರ ಮಿಲಿಆಂಪಿನ ತೂತಿಗೆ ಬದಲಿಸಬೇಕು.

ಬರೀ ಗಡಿಯಾರ ಇರುವ ಗಾಡಿಯಲ್ಲಿ ಒಂದೆರಡು ಮಿಲಿಆಂಪ್ ಬಂದರೆ ಸಹಜ. ಇಲ್ಲಿ 41 ಬಂತು. ಆಗಾಗ ಇನ್ನೂ ಮೇಲೆ ಜಿಗಿದು ಮತ್ತೆ ಇಳಿಯುತ್ತಿತ್ತು.

ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡಿದರೆ ಅಂಕಿ ಅಲುಗಲೇ ಇಲ್ಲ. ಕಳ್ಳ ಫ್ಯೂಸ್ ಪೆಟ್ಟಿಗೆಯ ಹಿಂದೆ ಇರಲಿಲ್ಲ. ಬ್ಯಾಟರಿಯ ಪ್ಲಸ್ ಟರ್ಮಿನಲ್ಲಿಗೇ ನೇರವಾಗಿ ಎರಡು ತೆಳು ವೈರ್ ಸೇರಿಸಿದ್ದವು. ಒಂದು ಜಿಪಿಎಸ್ ಟ್ರ್ಯಾಕರಿನದು. ಇನ್ನೊಂದು ಹ್ಯಾಂಡಲಿನ ಮೇಲೆ ಕೂರಿಸಿದ್ದ ಯುಎಸ್‌ಬಿ ಸಾಕೆಟಿನದು, ವೋಲ್ಟೇಜ್ ತೋರಿಸುವ ನೀಲಿ ಅಂಕಿ ಅದರಲ್ಲಿ ಹಗಲೂ ರಾತ್ರಿ ಉರಿಯುತ್ತಿತ್ತು. ಸಾಕೆಟ್ ಬಿಚ್ಚಿದಾಗ 14 ಮಿಲಿಆಂಪ್ ಇಳಿಯಿತು. ಟ್ರ್ಯಾಕರ್ ಬಿಚ್ಚಿದಾಗ ಇನ್ನೂ 25 ಇಳಿಯಿತು. ಗಾಡಿಯದ್ದೇ ಆದ ಬಳಕೆ ಉಳಿದದ್ದು 2.

"ಇವೆರಡನ್ನೂ ಯಾವಾಗ ಹಾಕಿಸಿದೆ?" ಎಂದು ಕೇಳಿದೆ. ಎರಡನೇ ಬ್ಯಾಟರಿ ಹಾಕಿಸಿದ ದಿನವೇ, ಒಟ್ಟಿಗೆ. ನಾಲ್ಕು ವರ್ಷಕ್ಕೂ ಹತ್ತು ತಿಂಗಳಿಗೂ ನಡುವಿನ ಅಂತರಕ್ಕೆ ಉತ್ತರ ಅಲ್ಲಿತ್ತು.

41 ಮಿಲಿಆಂಪ್ ಎಂದರೆ ಏನೂ ಅಲ್ಲ ಅನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ. 0.041 ಆಂಪ್, 24 ಗಂಟೆ: ದಿನಕ್ಕೆ 0.98 ಆಂಪಿಯರ್-ಅವರ್. ಸುಮಾರು ಒಂದು. ಹೊಚ್ಚ ಹೊಸ 8 ಆಂಪಿಯರ್-ಅವರ್ ಬ್ಯಾಟರಿ ನಿಂತಲ್ಲೇ ಎಂಟು ದಿನಕ್ಕೆ ಬರಿದಾಗುತ್ತದೆ. ಗಾಡಿ ಸ್ಟಾರ್ಟ್ ಆಗದಿರಲು ಅಷ್ಟು ದಿನವೂ ಬೇಡ, ಅರ್ಧ ಖಾಲಿಯಾದರೆ ಸಾಕು.

ಇದರ ಪಕ್ಕದಲ್ಲಿ ಸೆಲ್ಫ್ ತಿನ್ನುವುದನ್ನು ಇಟ್ಟು ನೋಡಿ. ಸ್ಟಾರ್ಟರ್ ಮೋಟರ್ 100 ಆಂಪ್ ಎಳೆಯಿತು, 2 ಸೆಕೆಂಡ್ ತಿರುಗಿತು ಎಂದುಕೊಳ್ಳೋಣ. ಒಟ್ಟು 200 ಆಂಪ್-ಸೆಕೆಂಡ್, ಅಂದರೆ 0.056 ಆಂಪಿಯರ್-ಅವರ್. ದಿನಕ್ಕೆ ಎರಡು ಸಲ ಸ್ಟಾರ್ಟ್ ಮಾಡಿದರೆ 0.11. ಅಬ್ಬರದ ಸೆಲ್ಫಿಗಿಂತ ಸದ್ದಿಲ್ಲದ ನೀಲಿ ಅಂಕಿ ಮತ್ತು ಟ್ರ್ಯಾಕರ್ ಸೇರಿ ಎಂಟೊಂಬತ್ತು ಪಟ್ಟು ಜಾಸ್ತಿ ತಿನ್ನುತ್ತಿದ್ದವು. "ಸಣ್ಣ ಸಣ್ಣ ದೂರ ಓಡಿಸ್ತೀಯ, ಅದಕ್ಕೇ ಬ್ಯಾಟರಿ ಹೋಗುತ್ತೆ" ಎಂದು ಅವನಿಗೆ ಎಲ್ಲರೂ ಹೇಳಿದ್ದರು. ಸಣ್ಣ ದೂರದ ಓಟದಿಂದ ಬ್ಯಾಟರಿ ಪೂರ್ತಿ ತುಂಬುವುದಿಲ್ಲ ಎಂಬುದು ನಿಜ, ಕೊನೆಯ ಕಾಲು ಭಾಗ ತುಂಬುವುದು ಯಾವಾಗಲೂ ನಿಧಾನ. ಆದರೆ ಒಂದು ಸ್ಟಾರ್ಟಿಗೆ ಖರ್ಚಾದದ್ದನ್ನು ಕೆಲವೇ ನಿಮಿಷದ ಓಟ ತುಂಬಿಕೊಡುತ್ತದೆ. ದಿನಾ ಒಂದು ಆಂಪಿಯರ್-ಅವರ್ ಸೋರಿ ಹೋಗುತ್ತಿದ್ದರೆ ಅದನ್ನು ತುಂಬಿಕೊಡಲು ಅವನ ಹತ್ತು ಹನ್ನೆರಡು ನಿಮಿಷದ ಓಟಕ್ಕೆ ಆಗುವುದಿಲ್ಲ.

ಹಾಗಾದರೆ ಹತ್ತು ತಿಂಗಳಾದರೂ ಹೇಗೆ ಬಾಳಿತು? ಚಾರ್ಜ್ ಕಡಿಮೆಯಾದಷ್ಟೂ ಬ್ಯಾಟರಿ ಎಂಜಿನ್ನಿನಿಂದ ಜಾಸ್ತಿ ಕರೆಂಟ್ ಎಳೆದುಕೊಳ್ಳುತ್ತದೆ. ಹಾಗಾಗಿ ಪೂರ್ತಿ ಬರಿದಾಗದೆ ಅರ್ಧದ ಆಸುಪಾಸಿನಲ್ಲಿ ಹೊಯ್ದಾಡುತ್ತಾ ಇರುತ್ತದೆ. ನಡುವೆ ಒಂದು ಉದ್ದದ ಸವಾರಿ ಸಿಕ್ಕರೆ ಚೇತರಿಸಿಕೊಳ್ಳುತ್ತದೆ. ಗಾಡಿ ಸ್ಟಾರ್ಟ್ ಆಗುತ್ತಿರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಲೆಡ್-ಆಸಿಡ್ ಬ್ಯಾಟರಿಗೆ ಅರೆ ಹೊಟ್ಟೆಯ ಬದುಕು ಆಗಿಬರುವುದಿಲ್ಲ. ಚಾರ್ಜ್ ಇಳಿದಾಗ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ಬೇಗ ಚಾರ್ಜ್ ಮಾಡಿದರೆ ಅದು ಕರಗಿ ವಾಪಸ್ ಹೋಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಹರಳುಗಟ್ಟಿ ಗಟ್ಟಿಯಾಗುತ್ತದೆ. ಆ ಜಾಗ ಮತ್ತೆ ಕೆಲಸಕ್ಕೆ ಬರುವುದಿಲ್ಲ. ವೋಲ್ಟೇಜ್ 12.6 ತೋರಿಸಿಯೂ ಸೆಲ್ಫಿಗೆ 8.7ಕ್ಕೆ ಕುಸಿದದ್ದು ಇದೇ ಕಾರಣಕ್ಕೆ.

ಈಗ ಆಯ್ಕೆ

ಕಾರಣ ಸಿಕ್ಕ ಮೇಲೆ ಅವನು ತೆಗೆದಿಟ್ಟುಕೊಂಡಿದ್ದ ಎರಡೂ ಬ್ಯಾಟರಿಗಳನ್ನು ಮತ್ತೆ ನೋಡಿದೆವು. ಎರಡೂ ಬೇರೆಯೇ ಕಂಡವು.

10 ಆಂಪಿಯರ್-ಅವರಿನದು ವೈಟಿಎಕ್ಸ್12-ಬಿಎಸ್. ಸೋರಿಕೆ ಹಾಗೇ ಇದ್ದರೆ ಎಂಟು ದಿನದ ಬದಲು ಹತ್ತು ದಿನ, ಅಷ್ಟೇ ಲಾಭ. ಸೋರುವ ಕೊಡವನ್ನು ಬಿಟ್ಟು ಸೋರುವ ದೊಡ್ಡ ಕೊಡವನ್ನು ತಂದಂತೆ. ಅದಕ್ಕಿಂತ ದೊಡ್ಡ ತೊಂದರೆ ಅಳತೆಯದು. ವೈಟಿಎಕ್ಸ್9-ಬಿಎಸ್ 150 ಮಿಲಿಮೀಟರ್ ಉದ್ದ, 87 ಅಗಲ, 105 ಎತ್ತರ. ವೈಟಿಎಕ್ಸ್12-ಬಿಎಸ್‌ನ ಉದ್ದ ಅಗಲ ಅಷ್ಟೇ, ಎತ್ತರ ಮಾತ್ರ 130. ತಳ ಒಂದೇ ಆಗಿರುವುದರಿಂದ ಅದು ಪೆಟ್ಟಿಗೆಯೊಳಗೆ ಚೆನ್ನಾಗಿ ಇಳಿಯುತ್ತದೆ. ಸರಿಯಾಗಿ ಕೂತಿತು ಎಂದೇ ಅನಿಸುತ್ತದೆ. ಆದರೆ 25 ಮಿಲಿಮೀಟರ್ ಮೇಲಕ್ಕೆ ಎದ್ದಿರುತ್ತದೆ. ಬ್ಯಾಟರಿಯನ್ನು ಬಿಗಿದಿಡುವ ಬೆಲ್ಟ್ ಎಟುಕುವುದಿಲ್ಲ. ಸೀಟಿನ ತಳದಲ್ಲಿ ಲೋಹದ ಪಟ್ಟಿ ಇದ್ದರೆ ಸವಾರ ಕೂತಾಗ ಅದು ಪ್ಲಸ್ ಟರ್ಮಿನಲ್ಲಿಗೆ ತಾಗಬಹುದು. ಸೀಟಿನ ಕೆಳಗೆ, ಪೆಟ್ರೋಲ್ ಟ್ಯಾಂಕಿನ ಹತ್ತಿರ, ಬ್ಯಾಟರಿ ಶಾರ್ಟ್ ಆಗುವುದು ಎಂದರೆ ಬೆಂಕಿಗೆ ದಾರಿ. ಈ ಗಾಡಿಯ ಪೆಟ್ಟಿಗೆಯ ಎತ್ತರವನ್ನು ಅಳೆದು ನೋಡಿದೆವು, ಎರಡು ಮೂರು ಮಿಲಿಮೀಟರ್ ಬಿಟ್ಟರೆ ಬೇರೆ ಜಾಗ ಇರಲಿಲ್ಲ. ಆ ಆಯ್ಕೆಯನ್ನು ಅಲ್ಲಿಗೇ ಬಿಟ್ಟೆವು.

ಲಿಥಿಯಂ ವಿಷಯ ಇಷ್ಟು ಸುಲಭವಲ್ಲ. ಬೈಕಿಗೆ ಮಾರುವ ಲಿಥಿಯಂ ಬ್ಯಾಟರಿಗಳು ಸಾಮಾನ್ಯವಾಗಿ ಲಿಥಿಯಂ ಐರನ್ ಫಾಸ್ಫೇಟ್ ಜಾತಿಯವು. 3.2 ವೋಲ್ಟಿನ ನಾಲ್ಕು ಸೆಲ್, ಒಟ್ಟು 12.8. ಇವಕ್ಕೆ ನಿಜವಾದ ಗುಣಗಳಿವೆ. ಮೂರು ಕಿಲೋ ತೂಗುವ ಬ್ಯಾಟರಿಯ ಜಾಗದಲ್ಲಿ ಒಂದು ಕಿಲೋ ಕೂಡ ತೂಗುವುದಿಲ್ಲ. ಸುಮ್ನೆ ಇಟ್ಟರೆ ತಾನಾಗಿ ಖಾಲಿಯಾಗುವುದು ತುಂಬಾ ಕಡಿಮೆ. ಸೆಲ್ಫ್ ಗಟ್ಟಿಯಾಗಿ ಹೊಡೆಯುತ್ತದೆ. ಅರ್ಧ ಚಾರ್ಜಿನಲ್ಲಿದ್ದರೂ ಸಲ್ಫೇಟಿನ ಕಾಟ ಇಲ್ಲ. ಗಾಡಿಯ ಚಾರ್ಜಿಂಗ್ 14.3 ಇದ್ದದ್ದೂ ಅದಕ್ಕೆ ಒಪ್ಪುವಂಥದ್ದೇ.

ಆದರೆ ಅದರ ಮೇಲೆ ಬರೆದಿದ್ದ 12 ಎಂಬ ಅಂಕಿಯನ್ನು ಹತ್ತಿರದಿಂದ ಓದಬೇಕಿತ್ತು. ಕೆಳಗೆ ಚಿಕ್ಕ ಅಕ್ಷರದಲ್ಲಿ, ಲೆಡ್-ಆಸಿಡ್‌ಗೆ ಸಮಾನ ಎಂದಿತ್ತು. ಅಂದರೆ 12 ಆಂಪಿಯರ್-ಅವರಿನ ಲೆಡ್-ಆಸಿಡ್ ಬ್ಯಾಟರಿಯಷ್ಟೇ ಬಲವಾಗಿ ಸೆಲ್ಫ್ ಹೊಡೆಯಬಲ್ಲದು ಎಂದು. ಒಳಗೆ ನಿಜವಾಗಿ ತುಂಬಿರುವುದು 4 ಆಂಪಿಯರ್-ಅವರ್. ಇದು ಒಂದೇ ಬ್ಯಾಟರಿಯ ಕಥೆಯಲ್ಲ, ಬೈಕಿನ ಲಿಥಿಯಂ ಬ್ಯಾಟರಿಗಳಲ್ಲಿ ಈ ಸಮಾನದ ಅಂಕಿ ಸಾಮಾನ್ಯ. ಸೆಲ್ಫಿನ ಮಟ್ಟಿಗೆ ಅದರಲ್ಲಿ ಮೋಸವಿಲ್ಲ. ನಿಂತಲ್ಲಿ ಸೋರುವ ಕರೆಂಟಿಗೆ ಮಾತ್ರ ನಿಜವಾದ ಆಂಪಿಯರ್-ಅವರ್ರೇ ಲೆಕ್ಕ. ದಿನಕ್ಕೆ ಒಂದು ಹೋದರೆ ನಾಲ್ಕು ದಿನಕ್ಕೆ ಖಾಲಿ! ದೊಡ್ಡ ಅಂಕಿ ನೋಡಿ ಕೊಂಡಿದ್ದರೆ ಅರ್ಧದಷ್ಟು ಬಾಳುವ ಬ್ಯಾಟರಿ ಮನೆಗೆ ಬರುತ್ತಿತ್ತು. ಲಿಥಿಯಂ ಪೂರ್ತಿ ಬರಿದಾದರೆ ಸೆಲ್ಲುಗಳು ಮತ್ತೆ ಸರಿಹೋಗದಂತೆ ಕೆಡುತ್ತವೆ. ಒಳಗೆ ಕಾವಲು ಸರ್ಕ್ಯೂಟ್ ಇದ್ದರೆ ಅದು ಮುಂಚೆಯೇ ಕಡಿದು ಕಾಪಾಡುತ್ತದೆ, ಆದರೆ ಗಾಡಿ ಮಾತ್ರ ನಿಂತಲ್ಲೇ ನಿಲ್ಲುತ್ತದೆ.

"ಸೋರಿಕೆ ನಿಲ್ಲಿಸಿದ ಮೇಲೆ ಲಿಥಿಯಂ ಹಾಕಬಹುದಲ್ಲ ಮಾವ?" ಎಂದು ಅವನು ಕೇಳಿದ. ನ್ಯಾಯವಾದ ಪ್ರಶ್ನೆ. ಆದರೆ ಟ್ರ್ಯಾಕರ್ ಅವನಿಗೆ ಬೇಕೇ ಬೇಕು, ಗಾಡಿ ರಾತ್ರಿ ಹೊರಗೆ ನಿಲ್ಲುತ್ತದೆ. ಅಂದರೆ ಸೋರಿಕೆ ಕಡಿಮೆಯಾಗಬಹುದು, ಸೊನ್ನೆಯಾಗುವುದಿಲ್ಲ. ಯಾವಾಗಲೂ ಏನಾದರೂ ಎಳೆಯುವ ಗಾಡಿಗೆ ಒಳಗೆ ಜಾಸ್ತಿ ತುಂಬಿರುವ ಬ್ಯಾಟರಿಯೇ ಸರಿ. ಟ್ರ್ಯಾಕರ್ ಇಲ್ಲದ, ತೂಕ ಇಳಿಸುವ ಆಸೆ ಇರುವ, ಚಾರ್ಜಿಂಗ್ ವೋಲ್ಟೇಜ್ ಅಳೆದು ನೋಡಿರುವ ಸವಾರನಿಗೆ ನಾನು ಲಿಥಿಯಂ ಬೇಡ ಎನ್ನುವುದಿಲ್ಲ.

ಆಮೇಲೆ ಉಳಿದದ್ದು ಎಜಿಎಂ. ಇದರಲ್ಲಿ ಆಸಿಡ್ ಗಾಜಿನ ನಾರಿನ ಹಾಸಿನಲ್ಲಿ ಹೀರಿಕೊಂಡಿರುತ್ತದೆ, ಚೆಲ್ಲುವುದಿಲ್ಲ, ನೀರು ಹಾಕುವ ಕೆಲಸ ಇಲ್ಲ. ಇಲ್ಲೂ ಎರಡು ಆಯ್ಕೆ ಇದ್ದವು. ಒಂದು ಮೊದಲಿದ್ದ ವೈಟಿಎಕ್ಸ್9-ಬಿಎಸ್. ಇನ್ನೊಂದು ವೈಟಿಜಡ್10ಎಸ್: 8.6 ಆಂಪಿಯರ್-ಅವರ್, ಸಿಸಿಎ (ಚಳಿಯಲ್ಲಿ ಸೆಲ್ಫ್ ಹೊಡೆಯುವ ಬಲ) 190. ತಳ ಅದೇ 150 ಮತ್ತು 87, ಎತ್ತರ 93 ಮಾತ್ರ. 12 ಮಿಲಿಮೀಟರಿನ ರಬ್ಬರ್ ಹಲಗೆ ಕೆಳಗೆ ಇಟ್ಟರೆ ಸರಿಯಾಗಿ ಕೂರುತ್ತದೆ. ಎರಡರಲ್ಲೂ ಪ್ಲಸ್ ಎಡಗಡೆ.

ಪ್ಲಸ್ ಯಾವ ಕಡೆ ಎಂಬುದನ್ನು ಎರಡು ಸಲ ನೋಡಿ. ಟರ್ಮಿನಲ್ ನಮ್ಮ ಕಡೆ ಇರುವಂತೆ ಹಿಡಿದು ನೋಡಬೇಕು. ವೈಟಿಎಕ್ಸ್7ಎಲ್-ಬಿಎಸ್ ಥರ ಕೋಡಿನಲ್ಲಿ ಎಲ್ ಅಕ್ಷರ ಇದ್ದರೆ ಪ್ಲಸ್ ಬಲಗಡೆ ಇರುತ್ತದೆ. ಗಾಡಿಯ ವೈರುಗಳ ಉದ್ದ ಒಂದೇ ಕಡೆಗೆ ಲೆಕ್ಕ ಹಾಕಿದ್ದು. ಎಳೆದು ತಿರುವಿ ಸೇರಿಸಲು ಹೋದರೆ, ಅಥವಾ ಅಭ್ಯಾಸಬಲದಿಂದ ತಲೆಕೆಳಗಾಗಿ ಸೇರಿಸಿದರೆ, ಮೇನ್ ಫ್ಯೂಸ್ ಹೋಗುತ್ತದೆ. ಫ್ಯೂಸ್ ಹೋಗುವ ಮುಂಚೆ ರೆಕ್ಟಿಫೈಯರಿನ ಡಯೋಡುಗಳೂ ಹೋಗಬಹುದು.

ಸಿಸಿಎ ಎಂದರೆ −18 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ, 30 ಸೆಕೆಂಡ್ ಕಾಲ, 7.2 ವೋಲ್ಟಿಗಿಂತ ಕೆಳಗೆ ಬೀಳದಂತೆ ಕೊಡಬಲ್ಲ ಕರೆಂಟ್. ಅಳೆಯುವ ಪದ್ಧತಿಗಳು ಬೇರೆ ಬೇರೆ ಇವೆ, ಹಾಗಾಗಿ ಬೇರೆ ಬೇರೆ ತಯಾರಕರ ಅಂಕಿಗಳನ್ನು ನೇರವಾಗಿ ಹೋಲಿಸಬಾರದು. ಆಂಪಿಯರ್-ಅವರಿನದೂ ಅದೇ ಪಾಡು. 10 ಗಂಟೆಯಲ್ಲಿ ಖಾಲಿ ಮಾಡಿ ಅಳೆದರೆ 8 ಬರುವ ಬ್ಯಾಟರಿ, 20 ಗಂಟೆಯಲ್ಲಿ ನಿಧಾನವಾಗಿ ಖಾಲಿ ಮಾಡಿದರೆ 8.4 ತೋರಿಸುತ್ತದೆ. ಬ್ಯಾಟರಿ ಅದೇ, ಲೇಬಲ್ಲಿನ ಅಂಕಿ ಮಾತ್ರ ದಪ್ಪ.

ಕಾಗದದ ಮೇಲೆ ವೈಟಿಜಡ್10ಎಸ್ ಗೆದ್ದಿತ್ತು. ಆದರೆ ನಾವು ಅದನ್ನು ತರಲಿಲ್ಲ. ಅದು ಕಾರ್ಖಾನೆಯಲ್ಲೇ ಆಸಿಡ್ ತುಂಬಿ ಬರುವ ಬ್ಯಾಟರಿ. ಅಂಗಡಿಯಲ್ಲಿದ್ದ ಒಂದೇ ಒಂದಕ್ಕೆ ಮೀಟರ್ ಹಿಡಿಯಲು ಕೇಳಿದೆವು, 12.4 ಬಂತು. ತಯಾರಾದ ತಾರೀಕೂ ಹಳೆಯದು. ಕಪಾಟಿನಲ್ಲಿ ಕೂತೇ ಅದು ಕಾಲು ಭಾಗ ಕಳೆದುಕೊಂಡಿತ್ತು, ಸಲ್ಫೇಟಿನ ಕೆಲಸ ಅಲ್ಲೇ ಶುರುವಾಗಿರುತ್ತದೆ. ಆಸಿಡ್ ತುಂಬಿದ ಬ್ಯಾಟರಿ ಹೊಸದಾದರೂ 12.6ಕ್ಕಿಂತ ಕೆಳಗಿದ್ದರೆ ನಾನು ಕೊಳ್ಳುವುದಿಲ್ಲ. ವೈಟಿಎಕ್ಸ್9-ಬಿಎಸ್‌ನಲ್ಲಿ ಆಸಿಡ್ ಬೇರೆ ಪ್ಯಾಕಿನಲ್ಲಿ ಬರುತ್ತದೆ, ಬ್ಯಾಟರಿ ಒಣಗಿ, ಮುದ್ರೆ ಹಾಕಿ ಇರುತ್ತದೆ. ಮುದ್ರೆ ಒಡೆಯದೆ ಇದ್ದರೆ ಕಪಾಟಿನಲ್ಲಿ ಕೂತದ್ದರಿಂದ ಹೆಚ್ಚೇನೂ ಹಾಳಾಗುವುದಿಲ್ಲ. ಜೊತೆಗೆ ಈ ಒಂಟಿ ಸಿಲಿಂಡರ್ ಎಂಜಿನ್ನನ್ನು ಅದೇ ಬ್ಯಾಟರಿ ನಾಲ್ಕು ವರ್ಷ ಸಲೀಸಾಗಿ ತಿರುಗಿಸಿತ್ತು. ಜಾಸ್ತಿ ಸಿಸಿಎಗೆ ಇಲ್ಲಿ ಕೆಲಸವೇ ಇರಲಿಲ್ಲ. ತಾಜಾ ಬ್ಯಾಟರಿಯನ್ನೇ ಆರಿಸಿದೆವು.

ಆಸಿಡ್ ತುಂಬುವುದು, ಕೂರಿಸುವುದು

ಹೊಸ ಬ್ಯಾಟರಿಯ ಆಯುಸ್ಸು ಅರ್ಧ ಇಲ್ಲೇ ನಿರ್ಧಾರವಾಗುತ್ತದೆ. ಅಂಗಡಿಯಲ್ಲೇ ಆಸಿಡ್ ಸುರಿದು ಹತ್ತು ನಿಮಿಷಕ್ಕೆ ಗಾಡಿಗೆ ಹಾಕಿ ಕಳಿಸಿದರೆ ಬ್ಯಾಟರಿ ಮುಕ್ಕಾಲು ಚಿಲ್ಲರೆ ತುಂಬಿದ ಸ್ಥಿತಿಯಲ್ಲಿ ಕೆಲಸ ಶುರುಮಾಡುತ್ತದೆ. ಸೆಲ್ಫ್ ಹೊಡೆಯುತ್ತದೆ, ಸವಾರ ಖುಷಿಯಾಗಿ ಹೋಗುತ್ತಾನೆ. ಮೊದಲ ಚಾರ್ಜ್ ಸರಿಯಾಗಿ ಆಗದ ಬ್ಯಾಟರಿ ಆಮೇಲೆ ಎಷ್ಟು ಓಡಿಸಿದರೂ ಪೂರ್ತಿ ಬಲಕ್ಕೆ ಬರುವುದು ಕಷ್ಟ.

ನಾವು ಮನೆಗೇ ತಂದೆವು. ಕೈಗವಸು, ಕನ್ನಡಕ, ಗಾಳಿಯಾಡುವ ಜಾಗ, ಚೆಲ್ಲಿದರೆ ಸುರಿಯಲು ಅಡುಗೆ ಸೋಡಾ. ಬ್ಯಾಟರಿ ಗಾಡಿಯ ಮೇಲಿರುವಾಗ ಆಸಿಡ್ ತುಂಬಬಾರದು. ಪ್ಯಾಕಿನ ಆರು ಕೊಳವೆಗಳನ್ನು ಆರು ತೂತುಗಳ ಮೇಲೆ ತಲೆಕೆಳಗಾಗಿ ಒತ್ತಿದರೆ ಆಸಿಡ್ ತಾನಾಗಿ ಇಳಿಯುತ್ತದೆ. ಆರರಲ್ಲೂ ಗುಳ್ಳೆ ಏಳುತ್ತಿದೆಯೇ ನೋಡಬೇಕು. ಒಂದರಲ್ಲಿ ಬರದಿದ್ದರೆ ಆ ಸೆಲ್ ಒಣಗಿಯೇ ಉಳಿಯುತ್ತದೆ, ಪ್ಯಾಕನ್ನು ಮೆಲ್ಲಗೆ ತಟ್ಟಬೇಕು. ಜೊತೆಗೆ ಬಂದ ಆಸಿಡನ್ನೇ, ಅಷ್ಟನ್ನೂ ಬಳಸಬೇಕು. ಎಜಿಎಂಗೆ ಕೊಡುವ ಆಸಿಡ್ ಮಾಮೂಲಿ ಬ್ಯಾಟರಿಯದಕ್ಕಿಂತ ಗಟ್ಟಿ. ತುಂಬಿದ ಮೇಲೆ ಕಡಿಮೆಯೆಂದರೂ ಅರ್ಧ ಗಂಟೆ ಹಾಸು ಹೀರಿಕೊಳ್ಳಲು ಬಿಡಬೇಕು. ಮುಚ್ಚಳದ ಪಟ್ಟಿಯನ್ನು ಒಮ್ಮೆ ಒತ್ತಿ ಕೂರಿಸಿದ ಮೇಲೆ ಮತ್ತೆ ಯಾವತ್ತೂ ತೆಗೆಯಬಾರದು.

0.8 ಆಂಪಿನಲ್ಲಿ ಚಾರ್ಜರ್ ತಾನಾಗಿ ನಿಲ್ಲಿಸುವವರೆಗೂ ಬಿಟ್ಟೆವು. ಮರುದಿನ 12.9 ವೋಲ್ಟ್ ಇತ್ತು.

ಗಾಡಿಗೆ ಹಾಕುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಬಿಚ್ಚುವಾಗ ಮೈನಸ್ ಮೊದಲು. ಮೈನಸ್ ಸೇರಿರುವಾಗ ಪ್ಲಸ್ ಬೋಲ್ಟ್ ತಿರುಗಿಸುವ ಸ್ಪ್ಯಾನರ್ ಫ್ರೇಮಿಗೆ ತಾಗಿದರೆ ಕಿಡಿ ಹಾರುತ್ತದೆ. ಬಿಗಿ ಮಾಡಿದ ಮೇಲೆ ಟರ್ಮಿನಲ್ಲುಗಳಿಗೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿದೆವು.

ಸೋರಿಕೆಯ ಕೆಲಸವನ್ನು ಅದೇ ದಿನ ಮುಗಿಸಿದೆವು. ಯುಎಸ್‌ಬಿ ಸಾಕೆಟನ್ನು ಕೀ ಹಾಕಿದಾಗ ಮಾತ್ರ ಕರೆಂಟ್ ಬರುವ ವೈರಿಗೆ, ರಿಲೇ ಮೂಲಕ ಸೇರಿಸಿದೆವು. ಟ್ರ್ಯಾಕರಿನ ಸೆಟ್ಟಿಂಗಿನಲ್ಲಿ ಗಾಡಿ ನಿಂತಾಗ ಮಲಗುವ ಆಯ್ಕೆ ಇತ್ತು, ಅದುವರೆಗೂ ಯಾರೂ ಅದನ್ನು ಚಾಲೂ ಮಾಡಿರಲಿಲ್ಲ. ಗಾಡಿ ಅಲುಗಿದರೆ ಎಚ್ಚರವಾಗುತ್ತದೆ, ಇಲ್ಲದಿದ್ದರೆ ಆಗೊಮ್ಮೆ ಈಗೊಮ್ಮೆ ಮಾತ್ರ ಜಾಗ ತಿಳಿಸುತ್ತದೆ. ಅದರ ಬಳಕೆ 25ರಿಂದ ಸರಾಸರಿ 5 ಮಿಲಿಆಂಪಿಗೆ ಇಳಿಯಿತು. ಗಾಡಿಯದ್ದೂ ಸೇರಿ ಒಟ್ಟು 7. ದಿನಕ್ಕೆ 0.17 ಆಂಪಿಯರ್-ಅವರ್. ಈಗ ಎರಡು ವಾರ ನಿಲ್ಲಿಸಿದರೂ 8ರಲ್ಲಿ ಎರಡೂವರೆಗಿಂತ ಕಡಿಮೆಯೇ ಖರ್ಚು, ಸೆಲ್ಫಿಗೆ ಏನೂ ತೊಂದರೆಯಿಲ್ಲ.

ಆಮೇಲೆ

ಹೊಸ ಬ್ಯಾಟರಿಯಲ್ಲಿ ಸೆಲ್ಫ್ ಒತ್ತಿದಾಗ ವೋಲ್ಟೇಜ್ 10.7ಕ್ಕಿಂತ ಕೆಳಗೆ ಹೋಗಲಿಲ್ಲ. ಈ ಅಂಕಿಯನ್ನು ತಾರೀಕಿನ ಜೊತೆ ಸೀಟಿನ ಕೆಳಗೆ ಅಂಟಿಸಲು ಹೇಳಿದೆ. ಮುಂದೆ ಯಾವಾಗಲಾದರೂ ಅನುಮಾನ ಬಂದರೆ ಹೋಲಿಸಲು ಅದೇ ಗಾಡಿಯ ಅಂಕಿ ಇದ್ದರೆ ಒಳ್ಳೆಯದು. ಕೆಲವು ತಿಂಗಳ ನಂತರ, ಬೆಳಿಗ್ಗೆ ಕೀ ಹಾಕುವ ಮುಂಚೆ ಅಳೆದಾಗ 12.7 ಇತ್ತು. ಓಟ ಅದೇ ಹತ್ತು ಹನ್ನೆರಡು ನಿಮಿಷದ್ದು, ಟ್ರ್ಯಾಕರ್ರೂ ಇದೆ.

ಹಳೆಯ ಬ್ಯಾಟರಿಯನ್ನು ಹೊಸದು ಕೊಟ್ಟ ಅಂಗಡಿಗೇ ಒಪ್ಪಿಸಿದ. ಅದರೊಳಗಿನ ಸೀಸವನ್ನು ಕರಗಿಸಿ ಮತ್ತೆ ಬ್ಯಾಟರಿಗೇ ಬಳಸುತ್ತಾರೆ. ಕಸಕ್ಕೆ ಎಸೆದರೆ ಸೀಸವೂ ಆಸಿಡ್ಡೂ ಮಣ್ಣಿಗೆ, ನೀರಿಗೆ ಸೇರುತ್ತವೆ.

ಈಗ ಅವನಿಗೆ ಕೆಲಸದ ಮೇಲೆ ಎರಡು ತಿಂಗಳು ದೂರ ಹೋಗುವುದಿದೆ. 7 ಮಿಲಿಆಂಪಿಗೂ ಎರಡು ತಿಂಗಳು ಜಾಸ್ತಿಯೇ: ಅರವತ್ತು ದಿನಕ್ಕೆ 10 ಆಂಪಿಯರ್-ಅವರ್, ಬ್ಯಾಟರಿಯಲ್ಲಿರುವುದು 8. ಗಾಡಿಯನ್ನು ನಮ್ಮ ಮನೆಯೊಳಗೆ ನಿಲ್ಲಿಸಿ ಹೋಗುತ್ತಾನೆ, ಹಾಗಾಗಿ ಅಷ್ಟು ದಿನ ಟ್ರ್ಯಾಕರ್ ಬೇಡ. ಮೈನಸ್ ವೈರ್ ಬಿಚ್ಚಿಟ್ಟು, ತಿಂಗಳಿಗೊಮ್ಮೆ ಒಂದು ರಾತ್ರಿ ನಾನೇ ಚಾರ್ಜರ್ ಹಾಕುತ್ತೇನೆ.